ಒಂದು ಕೈ ಕಮ್ಮಿಯಾದ ಶನಿವಾರ

ಆಫೀಸಿನ ಗೆಳೆಯನೊಬ್ಬ 'ಕೇಳು, ತಲೆ ತಿರುಗುತ್ತೆ' ಅಂತ ಒಂದು ಆಲ್ಬಂ ಕಳಿಸಿದ್ದ. ಊರಿಗೆ ಹೊರಟಿದ್ದೆ, ರೈಲಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತೆ. ನಿಜವಾಗ್ಲೂ ತಿರುಗಿತು! ಎರಡು ಟ್ರಂಪೆಟ್, ಎರಡು ಡ್ರಮ್ಸ್, ಎರಡು ಬೇಸ್, ಒಂದು ಸ್ಯಾಕ್ಸೊಫೋನ್, ಒಂದು ಬೇಸ್ ಕ್ಲಾರಿನೆಟ್. ಯಾರೂ ಯಾರ ಮಾತೂ ಕೇಳಲ್ಲ ಅನ್ನೋ ಹಾಗೆ ಎಲ್ಲಾ ಒಟ್ಟಿಗೆ. ನಮ್ಮನೆ ಆಸ್ತಿ ಪಂಚಾಯ್ತಿ ನೆನಪಾಯ್ತು. ತಿಪಟೂರು ಬರೋಕೆ ಮುಂಚೆನೇ ಕಿವಿಯಿಂದ ಕಿತ್ತಿಟ್ಟೆ.

ಅದು ಆರ್ನೆಟ್ ಕೋಲ್‌ಮನ್ ಅವರ 'ಫ್ರೀ ಜಾಝ್'. 1960ರ ಡಿಸೆಂಬರ್ 21ರಂದು ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆಗಿದ್ದು. ಎಂಟು ಜನ, ನಾಲ್ಕು ನಾಲ್ಕರ ಎರಡು ತಂಡ. ಒಂದು ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಸುಮಾರು 37 ನಿಮಿಷ ಒಂದೇ ಓಟ. ಒಂದೊಂದು ಸರದಿಗೂ ಮುಂಚೆ ಬರೆದಿಟ್ಟುಕೊಂಡ ಸಣ್ಣ ತುಣುಕು ಬರುತ್ತೆ. ಆಮೇಲೆ ಒಬ್ಬರು ಮುಂದೆ ಹೋಗ್ತಾರೆ, ಉಳಿದವರು ತಮಗೆ ತೋಚಿದಲ್ಲಿ ಸೇರಿಕೊಳ್ತಾರೆ. ಇದನ್ನೆಲ್ಲ ಓದಿದ್ದು ಆಮೇಲೆ. ಆಗ ನನಗೆ ಅದು ಬರೀ ಗಲಾಟೆ.

ಬೀರೂರಲ್ಲಿ ಇಳಿದು, ಬಸ್ ಹಿಡಿದು ಅಜ್ಜಂಪುರದ ಹತ್ತಿರದ ನಮ್ಮೂರಿಗೆ ಹೋದೆ. ಜಗಲಿ ಮೇಲೆ ದೊಡ್ಡಪ್ಪ ತಬಲಾ ಮುಂದಿಟ್ಟುಕೊಂಡು ಕೂತಿದ್ರು. ಕಡೂರು, ತರೀಕೆರೆ ಕಡೆಯ ಭಜನೆಗಳಿಗೆಲ್ಲ ರಾತ್ರಿಯಿಡೀ ಬಾರಿಸಿದ ಕೈ ಅದು. ಹೋದ ವರ್ಷ ಲಕ್ವ ಹೊಡೀತು. ಬಲಗೈ ಉಳೀತು, ಎಡಗೈ ಅರ್ಧಕ್ಕರ್ಧ ಹೋಯ್ತು. ಡಗ್ಗಾದ ಮೇಲೆ ಬೆರಳು ಏಳೋದೇ ತಡ.

ನಾನು ಒಳ್ಳೇದಕ್ಕೇ ಅಂದ್ಕೊಂಡು ಹೇಳಿಬಿಟ್ಟೆ: "ದೊಡ್ಡಪ್ಪ, ಇನ್ನು ಸಾಕಲ್ವಾ? ಹುಡುಗರಿಗೆ ಬಿಟ್ಕೊಡಿ, ನೀವು ಕೂತು ಕೇಳಿ."

ಅವರು ಏನೂ ಹೇಳಲಿಲ್ಲ. ತಬಲಾಕ್ಕೆ ಬಟ್ಟೆ ಮುಚ್ಚಿದ್ರು. ದೊಡ್ಡಮ್ಮ ಕಾಫಿ ಲೋಟ ಕುಕ್ಕಿ ಇಟ್ಟು ಒಳಗೆ ಹೋದ್ರು.

ಅವತ್ತು ಶನಿವಾರ. ರಾತ್ರಿ ಆಂಜನೇಯನ ಗುಡಿಯಲ್ಲಿ ಭಜನೆ. ದೊಡ್ಡಪ್ಪ ಬರಲ್ಲ ಅಂದ್ಕೊಂಡಿದ್ದೆ, ನನಗಿಂತ ಮುಂಚೆ ಹೋಗಿ ಕೂತಿದ್ರು. ಮೊದಲ ಪದದಲ್ಲೇ ಎಡಗೈ ತಡವಾಯ್ತು. ನಾನು ತಲೆ ತಗ್ಗಿಸಿದೆ. ಆದ್ರೆ ಹಾಡು ನಿಲ್ಲಲಿಲ್ಲ. ಹಾರ್ಮೋನಿಯಂ ಚಿಕ್ಕಪ್ಪ ಕೆಳಗಿನ ಸ್ವರ ಒತ್ತಿ ಹಿಡಿದು, ಡಗ್ಗಾದ ಗುಂಕಾರ ಇರಬೇಕಾದ ಜಾಗ ತುಂಬಿದ್ರು. ತಾಳದವನು ಮೆಲ್ಲಗೆ ಹಾಕಿ ಕಾಯ್ದ. ಸೊಲ್ಲು ಎತ್ತುವವರು ಕೊನೇ ಅಕ್ಷರ ಇನ್ನೊಂದು ಚೂರು ಎಳೆದ್ರು. ಆ ಕೈ ಬಂದು ಬಿದ್ದಾಗ ಎಲ್ಲರೂ ಅಲ್ಲಿದ್ರು. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ವರ್ಷದಿಂದ ಹೀಗೇ ನಡೀತಿದೆಯಂತೆ. ಊರಲ್ಲಿಲ್ಲದ ನನಗೆ ಗೊತ್ತಿರಲಿಲ್ಲ, ಅಷ್ಟೆ.

ವಾಪಸ್ ಬರುವಾಗ ಆ 37 ನಿಮಿಷ ಪೂರ್ತಿ ಕೇಳಿದೆ. ಎಲ್ಲಾ ಅರ್ಥವಾಯ್ತು ಅಂದ್ರೆ ಸುಳ್ಳು. ಆದ್ರೆ ಎಡಗಿವಿಯವರು ಬಿಟ್ಟ ಜಾಗಕ್ಕೆ ಬಲಗಿವಿಯವರು ಬರೋದು ಒಂದೆರಡು ಕಡೆ ಸಿಕ್ಕಿತು. ಆಮೇಲೆ ಹುಡುಕಿದ್ರೆ ನಮ್ಮವರೇ ಸಿಕ್ಕಿದ್ರು. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಅನ್ನೋ ಆಲ್ಬಂ ಮಾಡಿದೆ. ಹಾಡಿದವರು ಆರ್.ಎ. ರಮಾಮಣಿ. ಇದು ಕೋಲ್‌ಮನ್ ಥರದ ಬಿರುಗಾಳಿ ಅಲ್ಲ. ನಮ್ಮ ಸಂಗೀತದ 'ಮನೋಧರ್ಮ'ದ ಕಿವಿಗೆ ಹತ್ತಿರ. ಜಾಝ್ ಹೊಸಬರಾದ್ರೆ ಇಲ್ಲಿಂದ ಶುರು ಮಾಡಿ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. ತಪ್ಪಾಯ್ತು ಅನ್ನೋ ಮಾತು ಗಂಟಲಲ್ಲೇ ಉಳೀತು. "ಮುಂದಿನ ಶನಿವಾರ ಬರ್ತೀನಿ" ಅಂದೆ.

"ಬಾ, ತಾಳ ಹಾಕುವಂತೆ. ಆದ್ರೆ ಅವಸರ ಮಾಡ್ಬೇಡ ಕಣೋ" ಅಂದ್ರು.