ಮಧ್ಯಾಹ್ನದ ಹಸಿವು

ಕಚೇರಿಯ ಗಡಿಯಾರವು ಒಂದು ಹೊಡೆಯಿತೆಂದರೆ ಗುಮಾಸ್ತನಿಗೆ ಚಿಂತೆ: ಸಂತೈಸುವುದು ಹೊಟ್ಟೆಯನ್ನೋ, ಕಿಸೆಯನ್ನೋ? ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಹುಟ್ಟಿದ ದರ್ಶಿನಿಗಳು ಕುರ್ಚಿಯನ್ನು ತೆಗೆದು, ಮಾಣಿಯ ಸಂಬಳವನ್ನು ಉಳಿಸಿ, ತಿಂಡಿಯ ಬೆಲೆಯನ್ನು ತಗ್ಗಿಸಿದವು. 2017ರ ಆಗಸ್ಟಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು 10 ರೂಪಾಯಿಗೇ ಊಟ ಬಡಿಸಿತು. ಆದರೆ ಆ ಸಾಲಿನಲ್ಲಿ ನಿಲ್ಲಲು ಇಸ್ತ್ರಿಯ ಅಂಗಿಗೆ ಸಂಕೋಚ. ಹಸಿವಿಗೆ ದರ್ಜೆಯ ಭೇದವುಂಟೆ? ಎರಡು ಬಿಸ್ಕತ್ತು, ಬೈ ಟೂ ಕಾಫಿಯಲ್ಲಿ ಹಗಲನ್ನು ನೂಕಿದವನು ಸಂಜೆ ಮನೆಯಲ್ಲಿ ಮಕ್ಕಳ ಮೇಲೆ ಸಿಡುಕುತ್ತಾನೆ. ಉಳಿಸಿದ ಕಾಸಿಗೆ ಅವರೇ ದಂಡ ತೆರುತ್ತಾರೆ. ಆದುದರಿಂದ, ವಾಚಕ ಮಹಾಶಯರೇ, ಫಲಕದ ಅಂದಕ್ಕೆ ಮರುಳಾಗದೆ, ಜವಾನರೂ ಆಟೋ ಚಾಲಕರೂ ನಿತ್ಯ ಉಣ್ಣುವ ಕಡೆಗೆ ನಡೆಯಿರಿ. ಗಿರಾಕಿಗಳು ತುಂಬಿರುವಲ್ಲಿ ಅನ್ನ ಆರುವುದಿಲ್ಲ, ಸಾರು ಸಂಜೆಯವರೆಗೆ ಉಳಿಯುವುದಿಲ್ಲ.