ಕಿಟಕಿಗೊಂದು ಪೆಟ್ಟಿಗೆ, ಒಳಮನೆಗೊಂದು ಪೆಟ್ಟಿಗೆ

ನಮ್ಮ ಮಂಡಿ ಮೊಹಲ್ಲಾದಲ್ಲಿ ಈಗ ಒಂದೊಂದೇ ಮನೆಗೆ ತಂತಿ ಇಲ್ಲದ ಇಂಟರ್‌ನೆಟ್ ಪೆಟ್ಟಿಗೆ ಬರ್ತಾ ಇದೆ. ಕೆಲವರು ಏರ್‌ಫೈಬರ್ ಅಂತಾರೆ, ಕೆಲವರು ಫೈವ್-ಜಿ ವೈಫೈ ಅಂತಾರೆ. ಹೆಸರು ಏನೇ ಇರ್ಲಿ, ಕೆಲಸ ಒಂದೇ. ಮೊಬೈಲ್ ಟವರಿನ ಸಿಗ್ನಲ್ ಹಿಡಿದು ಮನೆ ಒಳಗೆ ವೈಫೈ ಮಾಡಿ ಹಂಚೋದು. ಹಾಕೋಕೆ ಬಂದ ಹುಡುಗ ಬೇಗ ಬೇಗ ಹಾಕಿ, ಬ್ಯಾಗು ಹೆಗಲಿಗೇರಿಸ್ತಾ ಒಂದು ಮಾತು ಹೇಳ್ತಾನೆ: "ಆಂಟಿ, ಆ ಹಳೇ ರೂಟರ್ ಇನ್ನು ಬೇಡ, ತೆಗೆದು ಎಸೀರಿ."

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ ಅಕ್ಕತಂಗೀರೆ. ಎಸೀಬೇಡಿ. ಹೊಸದನ್ನ ಕಿಟಕಿ ಹತ್ರ ಬಿಡಿ, ಹಳೇದನ್ನ ಒಳಮನೆಗೆ ತನ್ನಿ, ಎರಡಕ್ಕೂ ನಡುವೆ ಒಂದು ವೈರ್ ಎಳೆಸಿ. ಇದು ಬರೀ ದುಡ್ಡು ಉಳಿಸೋ ಮಾತಲ್ಲ. ಮನೇಲಿ ಯಾರು ಕೂತ ಜಾಗಕ್ಕೆ ಇಂಟರ್‌ನೆಟ್ ಬರುತ್ತೆ, ಯಾರು ಕೂತ ಜಾಗಕ್ಕೆ ಬರಲ್ಲ ಅನ್ನೋ ಮಾತು.

ತಂತಿ ಇಲ್ಲದೆ ಬರೋ ಮಾತು ಮೈಸೂರಿಗೆ ಹೊಸದೇನಲ್ಲ. 1935ರ ಸೆಪ್ಟೆಂಬರ್ 10ರಂದು ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಸಣ್ಣದೊಂದು ರೇಡಿಯೋ ಕೇಂದ್ರ ಶುರು ಮಾಡಿದ್ರು. ಆಕಾಶವಾಣಿ ಅನ್ನೋ ಹೆಸರು ಬೆಳೆದದ್ದು ಅಲ್ಲಿಂದ. ಆಮೇಲೆ ಮನೆಮನೆಗೆ ರೇಡಿಯೋ ಬಂದಾಗ ಅದನ್ನ ಇಟ್ಟಿದ್ದು ಮುಂದಿನ ಹಜಾರದಲ್ಲೇ. ಆದ್ರೂ ಜೋರಾಗಿ ಹಾಕಿದ್ರೆ ಅಡುಗೆಮನೆ ತನಕ ಹಾಡು ಕೇಳ್ತಿತ್ತು, ಒಗ್ಗರಣೆ ಹಾಕ್ತಾನೇ ವಾರ್ತೆ ಕೇಳಬಹುದಿತ್ತು. ವೈಫೈ ಹಂಗಲ್ಲ ಕಣ್ರೀ. ಅದನ್ನ ಜೋರು ಮಾಡೋಕೆ ಗುಂಡಿ ಇಲ್ಲ. ಗೋಡೆ ಅಡ್ಡ ಬಂದ್ರೆ ಅಲ್ಲೇ ನಿಂತುಬಿಡುತ್ತೆ.

ನಮ್ಮ ಮನೆಗಳು ಹೆಂಗಿವೆ ಅಂತ ನಿಮಗೇ ಗೊತ್ತು. ಅಶೋಕ ರಸ್ತೆ, ಸವಡೆ ರಸ್ತೆ ಕಡೆಯಿಂದ ಒಳಕ್ಕೆ ಬಂದ್ರೆ ಬೀದಿಗೆ ಹತ್ತಡಿ ಅಗಲ ಮುಖ, ಹಿಂದಕ್ಕೆ ರೈಲು ಬೋಗಿ ಥರ ಉದ್ದ. ಮುಂದೆ ಹಜಾರ, ಆಮೇಲೆ ಒಂದು ಕೋಣೆ, ಆಮೇಲೆ ಬೆಳಕಿಂಡಿ ಇರೋ ನಡುಮನೆ, ಕೊನೇಲಿ ಅಡುಗೆಮನೆ, ಅದರ ಹಿಂದೆ ಬಚ್ಚಲು. ಹಳೇ ಮನೆಯಾದ್ರೆ ಒಂದೊಂದು ಗೋಡೆ ಒಂದೂವರೆ ಅಡಿ ದಪ್ಪ. ಅಕ್ಕಪಕ್ಕದ ಗೋಡೆಗೆ ಕಿಟಕಿಯೇ ಇಲ್ಲ, ಯಾಕಂದ್ರೆ ಅದು ಪಕ್ಕದ ಮನೆಯವರದ್ದೂ ಗೋಡೆ.

ಈ ಹೊಸ ಪೆಟ್ಟಿಗೆಗೆ ಟವರಿನ ಸಿಗ್ನಲ್ ಚೆನ್ನಾಗಿ ಸಿಗೋದು ಬೀದಿ ಕಡೆ ಕಿಟಕಿಯಲ್ಲಿ, ಇಲ್ಲಾಂದ್ರೆ ತಾರಸಿ ಮೇಲೆ. ತಾರಸಿ ಮೇಲೆ ಡಬ್ಬಿ ಹಾಕಿದ್ರೂ ಅದರ ವೈರ್ ಇಳಿಯೋದು ಮುಂದಿನ ಹಜಾರಕ್ಕೇ. ಹಂಗಾಗಿ ಅದು ಮುಂದೆಯೇ ಕೂರುತ್ತೆ, ಅದು ಪೆಟ್ಟಿಗೆ ತಪ್ಪಲ್ಲ. ಆದ್ರೆ ಹಗಲೆಲ್ಲ ಮನೇಲಿ ಇರೋರು ಎಲ್ಲಿರ್ತಾರೆ? ಹಿಂದೆ. ಬ್ಲೌಸ್ ಹೊಲಿಯೋ ಮಿಷಿನ್ ಇರೋದು ನಡುಮನೇಲಿ. ಹುಡುಗಿ ಪರೀಕ್ಷೆಗೆ ಓದೋದು ಒಳಕೋಣೇಲಿ. ಮಂಡಿನೋವಿನ ಅಜ್ಜಿ ಮಲಗೋದು ಬಚ್ಚಲಿಗೆ ಹತ್ರ. ನಮ್ಮ ನಾದಿನಿ ಹೊಲಿಗೆ ಡಿಸೈನ್ ಫೋಟೋ ತೆರೆಯೋಕೆ ಸಾಯಂಕಾಲ ಹಜಾರ ಖಾಲಿ ಆಗೋ ತನಕ ಕಾಯ್ತಿದ್ಲು, ಇಲ್ಲಾಂದ್ರೆ ಸ್ವಂತ ಫೋನಿನ ಡೇಟಾ ಖರ್ಚು ಮಾಡ್ತಿದ್ಲು. ಬಿಲ್ಲು ಇಡೀ ಮನೆಯದ್ದು, ನೆಟ್ಟು ಹಜಾರದ್ದು. ಇದು ಸರೀನಾ?

ಅದಕ್ಕೇ ಎರಡು ಪೆಟ್ಟಿಗೆ ಬೇಕು ಅಂತೀನಿ. ಒಂದು ಕಿಟಕೀಲಿ ಕೂತು ಹೊರಗಿನದ್ದನ್ನ ಹಿಡೀಲಿ, ಇನ್ನೊಂದು ನಡುಮನೇಲಿ ಕೂತು ಒಳಗೆ ಹಂಚಲಿ. ವಾಣಿವಿಲಾಸ ನೀರು ಬೀದಿ ಸಂಪಿಗೆ ಬರುತ್ತೆ ಅಂತ ನಾವು ಸಂಪಿನ ಪಕ್ಕದಲ್ಲೇ ಅಡುಗೆ ಮಾಡ್ತೀವಾ? ಪೈಪ್ ಎಳೆಸಿ ಒಳಕ್ಕೆ ತಂದುಕೊಳ್ತೀವಲ್ಲ, ಹಂಗೆ.

ಇಲ್ಲೊಂದು ತೊಡಕು ಇದೆ. ಹಳೇ ರೂಟರನ್ನ ಇದ್ದ ಹಾಗೇ ತಂದು ಚುಚ್ಚಿದ್ರೆ ಮನೆಗೆ ಇಬ್ಬರು ಯಜಮಾನರಾಗ್ತಾರೆ. ರೂಟರ್ ಅನ್ನೋದು ಬರೀ ವೈಫೈ ಹಂಚಲ್ಲ, ಮನೇಲಿರೋ ಒಂದೊಂದು ಫೋನಿಗೂ ಟಿವಿಗೂ ಒಂದೊಂದು ನಂಬರ್ ಕೊಡುತ್ತೆ. 192.168 ಅಂತ ಶುರುವಾಗೋ ನಂಬರ್ ನೋಡಿರ್ತೀರಿ. ಇಡೀ ಪ್ರಪಂಚಕ್ಕೆ ಇದ್ದ ಹಳೇ ಪದ್ಧತಿ ನಂಬರುಗಳೇ ಸುಮಾರು 430 ಕೋಟಿ, ಎಲ್ಲರಿಗೂ ಸಾಲಲ್ಲ. ಅದಕ್ಕೇ ಕೆಲವು ನಂಬರುಗಳನ್ನ 'ಮನೆ ಒಳಗೆ ಮಾತ್ರ' ಅಂತ ಬೇರೆ ಇಟ್ಟರು. ಆ ನಿಯಮ 1996ರದ್ದು. ನಿಮ್ಮ ಮನೆ ಟಿವಿಗೂ ನನ್ನ ಮನೆ ಟಿವಿಗೂ ಒಂದೇ ನಂಬರ್ ಇದ್ರೂ ಜಗಳ ಇಲ್ಲ. ಹೊಸಿಲು ದಾಟುವಾಗ ರೂಟರ್ ಆ ನಂಬರ್ ಬದಲಾಯಿಸಿ ಕಳಿಸುತ್ತೆ.

ನಮ್ಮ ಬೀದಿ ಬಾಗಿಲುಗಳ ಮೇಲೆ ಹಳೇ ನಂಬರ್ ಒಂದು, ಹೊಸ ನಂಬರ್ ಒಂದು ಬರೆದಿರ್ತಾರಲ್ಲ, ಹೊಸ ಪೋಸ್ಟ್‌ಮ್ಯಾನ್ ಬಂದ್ರೆ ತಲೆ ಕೆರ್ಕೊಳ್ತಾನೆ. ಎರಡು ರೂಟರ್ ಒಂದರ ಹಿಂದೆ ಒಂದು ನಂಬರ್ ಕೊಡ್ತಾ ಕೂತ್ರೂ ಅದೇ ಪಾಡು. ಯೂಟ್ಯೂಬ್ ಓಡುತ್ತೆ, ವಾಟ್ಸಾಪ್ ಓಡುತ್ತೆ, ಅದಕ್ಕೇ ಏನೂ ತೊಂದ್ರೆ ಇಲ್ಲ ಅನ್ಸುತ್ತೆ. ಆದ್ರೆ ಒಳಗಿನ ಫೋನಿಂದ ಹಜಾರದ ಟಿವಿಗೆ ಮೊಮ್ಮಗು ಫೋಟೋ ಹಾಕೋಣ ಅಂದ್ರೆ ಟಿವಿ ಕಾಣಿಸಲ್ಲ. ಪ್ರಿಂಟರ್ ಒಂದು ವೈಫೈಲಿ, ಲ್ಯಾಪ್‌ಟಾಪ್ ಇನ್ನೊಂದರಲ್ಲಿ. ಇನ್ನೂ ಕೆಟ್ಟದ್ದು ಅಂದ್ರೆ, ಎರಡೂ ಪೆಟ್ಟಿಗೆ ತನ್ನ ನಂಬರ್ 192.168.1.1 ಅಂತಲೇ ಹೇಳ್ಕೊಂಡ್ರೆ ಹಳೇ ರೂಟರಿಗೆ ಒಳಗ್ಯಾವುದು ಹೊರಗ್ಯಾವುದು ಗೊತ್ತಾಗದೆ ನೆಟ್ಟೇ ನಿಂತುಹೋಗುತ್ತೆ. ಆಗ ಎಲ್ಲರೂ "ಹಳೇದು ಕೆಟ್ಟುಹೋಗಿದೆ" ಅಂತಾರೆ. ಕೆಟ್ಟಿರಲ್ಲ ಪಾಪ.

ಪರಿಹಾರ ಸುಲಭ. ಯಜಮಾನಿಕೆ ಹೊಸ ಪೆಟ್ಟಿಗೆಗೆ, ಬಡಿಸೋ ಕೆಲಸ ಹಳೇದಕ್ಕೆ. ಹಳೇ ರೂಟರಿನ ಸೆಟ್ಟಿಂಗ್‌ನಲ್ಲಿ 'ಆಪರೇಷನ್ ಮೋಡ್' ಅಂತ ಹುಡುಕಿ, ಅದ್ರಲ್ಲಿ 'ಆಕ್ಸೆಸ್ ಪಾಯಿಂಟ್' ಅಂತ ಇದ್ರೆ ಅದನ್ನ ಒತ್ತಿ ಉಳಿಸಿ. ಬಹುಪಾಲು ರೂಟರುಗಳಲ್ಲಿ ಅಷ್ಟೇ ಕೆಲಸ.

ಆ ಮೋಡ್ ಇಲ್ಲದ ಹಳೇ ಕಾಲದ್ದಾದ್ರೆ ಮೂರು ಹೆಜ್ಜೆ. ಮೊದಲು ಅದರ ಸ್ವಂತ ನಂಬರ್ ಬದಲಾಯಿಸಿ. ಹೊಸದು 192.168.1.1 ಆಗಿದ್ರೆ ಹಳೇದಕ್ಕೆ 192.168.1.2 ಕೊಡಿ. ಆ ನಂಬರನ್ನ ಹೊಸ ಪೆಟ್ಟಿಗೆ ಬೇರೆ ಯಾವ ಫೋನಿಗೂ ಕೊಡದ ಹಾಗೆ ನೋಡ್ಕೊಳ್ಳಿ. ಎರಡನೇದು, 'ಡಿಎಚ್‌ಸಿಪಿ' ಅನ್ನೋದನ್ನ ಆಫ್ ಮಾಡಿ. ನಂಬರ್ ಹಂಚೋ ಅಧಿಕಾರ ಅಂದ್ರೆ ಅದೇನೇ. ಮೂರನೇದು, ಹೊಸ ಪೆಟ್ಟಿಗೆಯಿಂದ ಬರೋ ವೈರನ್ನ ಹಳೇದರ 'ವ್ಯಾನ್' ತೂತಿಗೆ ಹಾಕದೆ, ಸಾಲಾಗಿರೋ 'ಲ್ಯಾನ್' ತೂತುಗಳಲ್ಲಿ ಒಂದಕ್ಕೆ ಹಾಕಿ. 'ವ್ಯಾನ್' ತೂತು ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಒಂಟಿಯಾಗಿರುತ್ತೆ. ಈ ಮೂರು ಕೆಲಸ ನಡೆಯುವಾಗ ಪಕ್ಕ ನಿಂತು ನೋಡಿ, ಆಮೇಲೆ ನಿಮಗೇ ಬರುತ್ತೆ.

ವೈರ್ ವಿಚಾರಕ್ಕೆ ಜಿಪುಣತನ ಬೇಡ. 'ಕ್ಯಾಟ್ 5ಇ' ಇಲ್ಲಾ 'ಕ್ಯಾಟ್ 6' ಅಂತ ಕೇಳಿ ತನ್ನಿ. 100 ಮೀಟರ್ ತನಕ ಪೂರ್ತಿ ವೇಗದಲ್ಲಿ ಸಾಗಿಸುತ್ತೆ, ನಮ್ಮ ರೈಲು ಮನೆಗೆ 15 ಮೀಟರ್ ಸಾಕು. ಬಾಗಿಲ ಚೌಕಟ್ಟಿನ ಮೇಲೆ ಮೊಳೆ ಕ್ಲಿಪ್ ಹೊಡೆಸಿ, ನೆಲದ ಮೇಲೆ ಬಿಟ್ರೆ ಪೊರಕೆಗೆ ಸಿಕ್ಕಿ ಕಿತ್ತುಬರುತ್ತೆ.

"ವೈರ್ ಯಾಕೆ, ಪ್ಲಗ್ಗಿಗೆ ಚುಚ್ಚೋ ವೈಫೈ ಎಕ್ಸ್‌ಟೆಂಡರ್ ಸಿಗುತ್ತಲ್ಲ" ಅಂತೀರ. ಸಿಗುತ್ತೆ. ಆದ್ರೆ ಅಗ್ಗದವು ಒಂದೇ ಬಾಯಲ್ಲಿ ಕೇಳಿಸ್ಕೊಂಡು ಅದೇ ಬಾಯಲ್ಲಿ ಹೇಳಬೇಕು, ಹಂಗಾಗಿ ವೇಗ ಹತ್ರಹತ್ರ ಅರ್ಧಕ್ಕೆ ಇಳಿಯುತ್ತೆ. ಬೆಲೆ ಜಾಸ್ತಿಯ 'ಮೆಶ್' ಚೆನ್ನಾಗಿರುತ್ತೆ, ಆದ್ರೆ ಒಂದೂವರೆ ಅಡಿ ಗೋಡೆ ಮುಂದೆ ಅದಕ್ಕೂ ಕಷ್ಟವೇ. ಮನೇಲೇ ಇರೋ ರೂಟರಿಗೆ ಒಂದು ವೈರ್ ಹಾಕಿದ್ರೆ ಆಗೋ ಕೆಲಸಕ್ಕೆ ಸಾವಿರಾರು ರೂಪಾಯಿ ಯಾಕೆ?

ಒಳಗೆ ಎಲ್ಲಿಡಬೇಕು ಅನ್ನೋದೂ ಮುಖ್ಯ. ಗೋದ್ರೇಜ್ ಬೀರು ಪಕ್ಕ ಬೇಡ, ಕಬ್ಬಿಣ ಅಲೆಗಳನ್ನ ತಡೆಯುತ್ತೆ. ನೀರಿನ ಡ್ರಮ್ಮು, ಮೀನಿನ ತೊಟ್ಟಿ ಪಕ್ಕಾನೂ ಬೇಡ, ನೀರು ಅಲೆ ಕುಡಿಯುತ್ತೆ. ಮೈಕ್ರೋವೇವ್ ಒಲೆ ಇರೋರು ದೂರ ಇಡಿ. ಆ ಒಲೆಯೂ 2.4 ಗಿಗಾಹರ್ಟ್ಸ್ ಸುಮಾರಿನ ಅಲೆಯಲ್ಲೇ ಅನ್ನ ಬಿಸಿ ಮಾಡೋದು, ಹಳೇ ವೈಫೈ ಅಲೆಯೂ ಅದೇ. ನಡುಮನೆ ಗೋಡೇಲಿ ಎದೆಮಟ್ಟಕ್ಕಿಂತ ಮೇಲೆ ಒಂದು ಸ್ಟ್ಯಾಂಡ್ ಸಾಕು. ಎರಡೂ ಪೆಟ್ಟಿಗೆಗೆ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ, ಓಡಾಡುವಾಗ ಹೆಚ್ಚಿನ ಫೋನುಗಳು ತಾವೇ ಬದಲಾಯಿಸ್ಕೊಳ್ತವೆ. ಚಾನೆಲ್ ಮಾತ್ರ ಬೇರೆ ಬೇರೆ ಇರ್ಲಿ. 1, 6, 11ರಲ್ಲಿ ಒಂದಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು.

ಎರಡು ಯಜಮಾನರನ್ನ ಬೇಕಂತಲೇ ಇಟ್ಕೊಳ್ಳೋ ಮನೆಯೂ ಇದೆ, ಅದನ್ನೂ ಹೇಳಬೇಕು. ಮೇಲಿನ ಮನೆ ಬಾಡಿಗೆಗೆ ಕೊಟ್ಟು ನೆಟ್ಟನ್ನೂ ಹಂಚಿಕೊಂಡಿದ್ರೆ, ನಿಮ್ಮ ಫೋನು, ನಿಮ್ಮ ಟಿವಿ ಅವರಿಗೆ ಕಾಣಬಾರದು ಅನ್ಸಿದ್ರೆ, ಹಳೇ ರೂಟರ್ ರೂಟರಾಗೇ ಇರ್ಲಿ. ಆಗ ಬಾಡಿಗೆಯವರು ಹೊಸ ಪೆಟ್ಟಿಗೇಲಿ, ನೀವು ಹಳೇದರ ಒಳಗೆ. ಒಳಗಿನೋರಿಗೆ ಹೊರಗಿಂದು ಕಾಣುತ್ತೆ, ಹೊರಗಿನೋರಿಗೆ ಒಳಗಿಂದು ಸುಲಭಕ್ಕೆ ಕಾಣಲ್ಲ. ನಂಬರ್ ಮಾತ್ರ ಬೇರೆ ಸಾಲಿನದ್ದು ಕೊಡಿ: ಹೊಸದು 192.168.1 ಆದ್ರೆ ಹಳೇದು 192.168.5 ಥರ.

ಇನ್ನೊಂದು ಮಾತು, ಹಳೇ ಪೆಟ್ಟಿಗೆ ಯಾರದ್ದು ಅಂತ ನೋಡ್ಕೊಳ್ಳಿ. ಅಂಗಡೀಲಿ ನಾವೇ ದುಡ್ಡು ಕೊಟ್ಟು ತಂದಿದ್ರೆ ನಮ್ಮದು. ಹಿಂದಿನ ಕಂಪನಿ ಬಳಸೋಕೆ ಕೊಟ್ಟಿದ್ರೆ ಕನೆಕ್ಷನ್ ಬಿಟ್ಟಾಗ ವಾಪಸ್ ಕೊಡಬೇಕಾಗಬಹುದು. ಕೊಟ್ರೆ ಚೀಟಿ ಬರೆಸ್ಕೊಳ್ಳಿ.

ಮತ್ತೆ ಕರೆಂಟ್. ಎರಡು ಪೆಟ್ಟಿಗೆ ಅಂದ್ರೆ ಎರಡಕ್ಕೂ ಕರೆಂಟ್ ಬೇಕು. ಕರೆಂಟ್ ಹೋದಾಗ ಮುಂದಿನದಕ್ಕೆ ಮಾತ್ರ ಬ್ಯಾಟರಿ ಇದ್ರೆ ಮತ್ತೆ ಹಜಾರದಲ್ಲೇ ನೆಟ್ಟು. ರೂಟರಿಗೆ ಅಂತಲೇ ಸಿಗೋ ಪುಟ್ಟ ಯುಪಿಎಸ್ ಎರಡಕ್ಕೂ ಹಾಕ್ಸಿ. ತರೋ ಮುಂಚೆ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟ್, ಆಂಪಿಯರ್ ನೋಡ್ಕೊಂಡು ಹೋಗಿ. ಎಲ್ಲಾ ಆರಿ ಮತ್ತೆ ಹತ್ತಿಸುವಾಗ ಮೊದಲು ಕಿಟಕಿಯದ್ದು, ಮೂರು ನಿಮಿಷ ಬಿಟ್ಟು ಒಳಗಿಂದು.

"ಇದೆಲ್ಲಾ ಗಂಡಸರು ನೋಡ್ಕೊಳ್ತಾರೆ ಬಿಡೆ" ಅಂತ ಅಂದೋರಿಗೆ ನನ್ನ ಉತ್ತರ ಇಷ್ಟೇ. ಗ್ಯಾಸ್ ಸಿಲಿಂಡರ್ ರೆಗ್ಯುಲೇಟರ್ ಹಾಕೋದು ನಮಗೆ ಬರುತ್ತೆ, ಮಿಕ್ಸಿ ಕಾರ್ಬನ್ ಸವೆದಿದ್ದು ಸದ್ದಲ್ಲೇ ಗೊತ್ತಾಗುತ್ತೆ, ಹೊಲಿಗೆ ಮಿಷಿನ್ ಟೆನ್ಷನ್ ತಿರುಗಿಸೋದು ಬರುತ್ತೆ. ಇದು ಅದಕ್ಕಿಂತ ಕಷ್ಟ ಅಲ್ಲ. ಗ್ಯಾಸ್ ಬುಕ್ಕಿಂಗ್, ಸ್ಕೂಲ್ ಫೀಸು, ಆಸ್ಪತ್ರೆ ಚೀಟಿ, ದುಬೈಲಿರೋ ಮಗನ ಮುಖ, ಎಲ್ಲಾ ಇದರ ಮೇಲೇ ನಡೀತಿರುವಾಗ ಇದರ ಪಾಸ್‌ವರ್ಡ್ ಒಬ್ಬರ ಜೇಬಲ್ಲಿ ಮಾತ್ರ ಇರಬಾರದು. ಎರಡೂ ಪೆಟ್ಟಿಗೆಯ ನಂಬರು, ಸೆಟ್ಟಿಂಗ್ ತೆರೆಯೋ ಪಾಸ್‌ವರ್ಡು, ವೈಫೈ ಪಾಸ್‌ವರ್ಡು ಒಂದು ಚೀಟೀಲಿ ಬರೆದು ರೇಷನ್ ಕಾರ್ಡ್ ಇಡೋ ಜಾಗದಲ್ಲಿ ಇಡಿ. ಕಂಪನಿಯಿಂದ ಬಂದ 'ಅಡ್ಮಿನ್' ಅನ್ನೋ ಪಾಸ್‌ವರ್ಡ್ ಹಂಗೇ ಬಿಡಬೇಡಿ, ಬೀದಿಗೆಲ್ಲಾ ಗೊತ್ತಿರೋದು ಅದು.

ಆ ಹುಡುಗ ಬಂದ ದಿನ ಟೀ ಕೊಟ್ಟು ಕೂರಿಸಿ, ಹಜಾರದಲ್ಲಿ ವೇಗ ತೋರಿಸಿ ಸಹಿ ಕೇಳಿದ್ರೆ ತಕ್ಷಣ ಹಾಕಬೇಡಿ. ನಿಮ್ಮ ಫೋನ್ ಹಿಡ್ಕೊಂಡು ಅಡುಗೆಮನೆ ಒಲೆ ಮುಂದೆ ನಿಂತ್ಕೊಳ್ಳಿ, ಅಲ್ಲಿಂದ ಒಂದು ವೀಡಿಯೋ ಕಾಲ್ ಮಾಡಿ. ಮಾತು ತುಂಡಾಗದೆ ಬಂದ್ರೆ ಸಹಿ. ತುಂಡಾದ್ರೆ "ಹಳೇ ರೂಟರ್ ಇದೆ, ವೈರೂ ಇದೆ, ಆಕ್ಸೆಸ್ ಪಾಯಿಂಟ್ ಮಾಡ್ಕೊಡಪ್ಪ" ಅಂತ ಕೇಳಿ. ಇಷ್ಟು ಗೊತ್ತಿರೋ ಮನೆಯಾಕೆಗೆ ಅವನೂ ಇಲ್ಲ ಅನ್ನಲ್ಲ.