ಸೀಟು ಸಿಕ್ಕಿದ ಮೇಲೆ

1856ರ ಜೂನ್‌ನಲ್ಲಿ ಅಸ್ಪೃಶ್ಯರೆನಿಸಿದ್ದ ಮಹಾರ್ ಜಾತಿಯ, ಧಾರವಾಡದ ಹುಡುಗನೊಬ್ಬನ ಅರ್ಜಿ ಮುಂಬಯಿ ಸರ್ಕಾರಕ್ಕೆ ಹೋಯಿತು. ಎಲ್ಲರಂತೆ ಫೀಜು ಕಟ್ಟುತ್ತೇನೆಂದರೂ ಊರಿನ ಸರ್ಕಾರಿ ಶಾಲೆ ಅವನನ್ನು ಸೇರಿಸಿಕೊಂಡಿರಲಿಲ್ಲ. ಇವನೊಬ್ಬನಿಗಾಗಿ ಹಟ ಹಿಡಿದರೆ ಮಿಕ್ಕವರು ಶಾಲೆ ಬಿಟ್ಟಾರೆಂದು ಸರ್ಕಾರವೂ ಕೈಚೆಲ್ಲಿತು.

ಮಿಕ್ಕವರು ಬಿಟ್ಟೇ ಹೋದರೆ? ಅಮೆರಿಕದ ಅಂತರ್ಯುದ್ಧದ ನಂತರದ ಪುನರ್‌ನಿರ್ಮಾಣ ಕಾಲದಲ್ಲಿ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಅದೇ ಆಯಿತು. 1873ರ ಅಕ್ಟೋಬರ್‌ನಲ್ಲಿ ಹೆನ್ರಿ ಹೇನ್ ಎಂಬ ಕಪ್ಪು ಜನಾಂಗದವರು ವೈದ್ಯಕೀಯ ವಿಭಾಗ ಸೇರಿದರು. ಕೆಲವು ಬಿಳಿಯ ಪ್ರಾಧ್ಯಾಪಕರು ರಾಜೀನಾಮೆ ಕೊಟ್ಟರು, ಬಿಳಿಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಗಂಟುಮೂಟೆ ಕಟ್ಟಿದರು. ಅಲ್ಲಿನ ಸರ್ಕಾರ ಮಾತ್ರ ಜಗ್ಗಲಿಲ್ಲ. ಬೋಧನಾ ಶುಲ್ಕ ತೆಗೆದುಹಾಕಿತು, ವಿದ್ಯಾರ್ಥಿವೇತನ ಕೊಟ್ಟಿತು, ಓದಿನಲ್ಲಿ ಹಿಂದುಳಿದವರಿಗೆ ಪೂರ್ವಸಿದ್ಧತಾ ತರಗತಿ ತೆರೆಯಿತು. ಹಾರ್ವರ್ಡ್ ಕಾಲೇಜಿನ ಮೊದಲ ಕಪ್ಪು ಪದವೀಧರ ರಿಚರ್ಡ್ ಗ್ರೀನರ್ ತತ್ವಶಾಸ್ತ್ರ ಕಲಿಸಲು ಬಂದರು. ಅಸ್ತವ್ಯಸ್ತವಾಗಿದ್ದ ಗ್ರಂಥಾಲಯದ ಪುಸ್ತಕಗಳನ್ನು ಜೋಡಿಸಿ ಪಟ್ಟಿ ಮಾಡಿದವರೂ ಅವರೇ. ಪಾಠ ಹೇಳುತ್ತಲೇ ಅಲ್ಲಿಯೇ ಕಾನೂನು ಓದಿ 1876ರಲ್ಲಿ ಪದವಿ ಪಡೆದರು. ಗುಲಾಮರ ಮಕ್ಕಳು ಲ್ಯಾಟಿನ್ ಓದುವ ಆ ತರಗತಿಗಳನ್ನು ನೆನೆದರೆ ಇವತ್ತಿಗೂ ಮೈ ನವಿರೇಳುತ್ತದೆ.

ಅದೇ 1873ರಲ್ಲಿ ಇತ್ತ ಮಹಾರಾಷ್ಟ್ರದ ಸಮಾಜ ಸುಧಾರಕ ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮಗಿರಿ ತೊಡೆದ ಅಮೆರಿಕದ ಜನರಿಗೆ ಅರ್ಪಿಸಿದರು.

ಆದರೆ 1877ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಅಧಿಕಾರ ಕೈಬದಲಾಯಿತು, ವಿಶ್ವವಿದ್ಯಾಲಯಕ್ಕೆ ಬೀಗ ಬಿತ್ತು. 1880ರಲ್ಲಿ ಬಾಗಿಲು ತೆರೆದದ್ದು ಬಿಳಿಯರಿಗೆ ಮಾತ್ರ. ಕಪ್ಪು ವಿದ್ಯಾರ್ಥಿಗಳು ಮತ್ತೆ ಕಾಲಿಡುವಾಗ 1963. ಕಟ್ಟಲು ವರ್ಷಗಳು ಹಿಡಿದದ್ದನ್ನು ಕೆಡವಲು ಒಂದು ಆದೇಶ ಸಾಕಾಯಿತು.

ನಮ್ಮಲ್ಲಿ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬಂದದ್ದು 1944ರಲ್ಲಿ. ತುಮಕೂರಿನಲ್ಲಿ ಎಚ್.ಎಂ. ಗಂಗಾಧರಯ್ಯನವರು 1959ರಲ್ಲಿ ಸಿದ್ಧಾರ್ಥ ಶಿಕ್ಷಣ ಸಂಸ್ಥೆ ಕಟ್ಟಿದರು. ಅಲ್ಲಿಯ ಸಿದ್ಧಗಂಗಾ ಮಠದ ದಾಸೋಹದಲ್ಲಿ ಉಂಡು ಓದಿದ ಬಡಮಕ್ಕಳಿಗಂತೂ ಲೆಕ್ಕವಿಲ್ಲ. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲವೆಂದು ಇವನ್ನೆಲ್ಲ ಕಟ್ಟಿ ನಡೆಸಿದವರಿಗೆ ಗೊತ್ತಿತ್ತು.

ಬೆಳಗಿನ ಹೊತ್ತು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸಿಗೆ ಮುಗಿಬೀಳುವ ಹುಡುಗ ಹುಡುಗಿಯರನ್ನು ನೋಡಿ. ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಅವರಲ್ಲಿ ಎಷ್ಟೋ ಮಂದಿ. ಇಂಥವರಿಗೆ ಸೀಟು ಕೊಟ್ಟರಷ್ಟೇ ಸಾಲದು. ವಿದ್ಯಾರ್ಥಿವೇತನ ಪರೀಕ್ಷೆ ಮುಗಿದ ಮೇಲೆ ಬಂದರೆ ಪರೀಕ್ಷಾ ಶುಲ್ಕಕ್ಕೆ ಅಪ್ಪ ಸಾಲ ಮಾಡಬೇಕು. ಹಾಸ್ಟೆಲಿನಲ್ಲಿ ಜಾಗವಿಲ್ಲವೆಂದರೆ ಮನೆಯವರು ಮೊದಲು ಓದು ಬಿಡಿಸುವುದು ಹೆಣ್ಣುಮಗಳನ್ನು. ಹಣ ಜೂನ್‌ನಲ್ಲೇ ಅವರ ಖಾತೆಗೆ ಬೀಳಬೇಕು, ಹಾಸ್ಟೆಲಿನ ಕೋಣೆ ಕಾಲೇಜು ಶುರುವಾಗುವ ದಿನವೇ ಸಿಗಬೇಕು.